ಬೆಳಿಗ್ಗೆ ಬರುವವರು

ಗಂಡ ತೀರಿಹೋದ ಮೇಲೆ ಸೊಸೆ ಬೆಳಿಗ್ಗೆ ಎದ್ದ ಕೂಡಲೇ ದೇವರನ್ನು ನೆನೆಯುವುದನ್ನು ಬಿಟ್ಟಳು. ಕಣ್ಣು ಬಿಟ್ಟವಳು ಮೊದಲು ನೋಡುತ್ತಿದ್ದದ್ದು ಒಂದು ಗೆರೆಯನ್ನು.

ಆ ಗೆರೆ ಇದ್ದದ್ದು ಗಂಡನ ಹಳೆಯ ಲ್ಯಾಪ್‌ಟಾಪಿನಲ್ಲಿ. ಅವನು ಬಡಗಿ, ತಂದೆಯ ಜೊತೆ ಸೇರಿ ತೊಟ್ಟಿಲು ಮಾಡುತ್ತಿದ್ದ. ಅವುಗಳನ್ನು ಮಾರಲು ಒಂದು ವೆಬ್‌ಸೈಟನ್ನೂ ಮಾಡಿಸಿದ್ದ. ಆ ಸೈಟಿಗೆ ದಿನಕ್ಕೆ ಎಷ್ಟು ಜನ ಬಂದರು, ಯಾವ ದಾರಿಯಿಂದ ಬಂದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಯಾವ ಪುಟದಿಂದ ಎದ್ದು ಹೋದರು ಎಂಬುದನ್ನೆಲ್ಲ ತಿಳಿಸುವ ಒಂದು ವರದಿ ಇತ್ತು. ವರದಿಯ ನಟ್ಟನಡುವೆ ಒಂದು ನೀಲಿ ಗೆರೆ. ಜನ ಬಂದರೆ ಅದು ಏರುತ್ತಿತ್ತು; ಬಾರದಿದ್ದರೆ ಜ್ವರ ಬಂದವರ ಹಾಗೆ ನೆಲ ಹಿಡಿದು ಮಲಗುತ್ತಿತ್ತು. ಗೆರೆ ಮಲಗಿದ ದಿನ ಸೊಸೆಯ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಕುಳಿತು, ಬೆರಳಿನಿಂದ ಅದರ ಅಂಚು ಸವರಿ, ಎದ್ದುಬಿಡುತ್ತಿದ್ದಳು. ಅತ್ತೆ ಆ ತಟ್ಟೆಯನ್ನು ಒಳಗಿಟ್ಟು ಮೇಲೊಂದು ತಟ್ಟೆ ಮುಚ್ಚುತ್ತಿದ್ದರು.

ಮನೆಯಲ್ಲಿ ಈಗ ಉಳಿದವರು ಮಾವ, ಅತ್ತೆ ಮತ್ತು ಅವಳು. ಮಕ್ಕಳಿರಲಿಲ್ಲ. ಊರ ಮಕ್ಕಳಿಗೆಲ್ಲ ತೊಟ್ಟಿಲು ಮಾಡಿಕೊಟ್ಟ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮರ ಆರಿಸಲು ಹೋದ ಗಂಡ ಮರದಂಗಡಿಯಲ್ಲೇ ಎದೆ ಹಿಡಿದುಕೊಂಡು ಒಂದು ದಿಮ್ಮಿಯ ಮೇಲೆ ಕುಳಿತ, ಕುಳಿತವನು ಏಳಲಿಲ್ಲ. ದೇವರು ಕರೆಯುವಾಗ, ಕೈಯಲ್ಲಿರುವ ಕೆಲಸ ಮುಗಿಯಿತೇ ಎಂದು ಕೇಳುವುದಿಲ್ಲ. ಅರ್ಧ ಕೆತ್ತಿದ ತೊಟ್ಟಿಲೊಂದು ಶೆಡ್ಡಿನಲ್ಲಿ ಹಾಗೆಯೇ ಉಳಿಯಿತು. ಅದನ್ನು ಮುಗಿಸಲು ಮಾವನಿಗೆ ಮನಸ್ಸು ಬರಲಿಲ್ಲ. ಒಡೆದು ಹಾಕಲೂ ಬರಲಿಲ್ಲ.

ಶೆಡ್ಡು ಮನೆಯ ಹಿಂದಿನ ಬೀದಿಯಲ್ಲಿ, ಬಾಡಿಗೆಯದು. ಎತ್ತರದ ಕಿಟಕಿ, ಅಂಟಿನ ವಾಸನೆ, ಕಾಲಿಟ್ಟಲ್ಲೆಲ್ಲ ಮರದ ಸಿಪ್ಪೆ. ಅದರ ಒಂದು ಗೋಡೆಯ ತುಂಬ ಗಂಡನ ಪೆನ್ಸಿಲ್ ಗುರುತು. ಕಾಗದ ಹುಡುಕುವ ತಾಳ್ಮೆ ಅವನಿಗೆ ಎಂದೂ ಇರಲಿಲ್ಲ. ತೊಟ್ಟಿಲ ಕಾಲಿನ ಬಾಗು, ಕಂಬಿಯ ಅಂತರ, ಕೂಡಿಸಿ ಕಳೆದ ಅಳತೆಗಳು, ಎಲ್ಲವೂ ಗೋಡೆಗೇ. ನಡುವೆ ಒಂದು ಕಡೆ ದಪ್ಪಕ್ಷರದಲ್ಲಿ “ಅಪ್ಪಾ, ಕನ್ನಡಕ ಹಾಕ್ಕೋ” ಎಂದು ಬರೆದಿದ್ದ. ಮಾವ ಕನ್ನಡಕ ಹಾಕಲು ಒಲ್ಲದವರು. ಕಣ್ಣು ಕಿರಿದು ಮಾಡಿ, ಬೆರಳಿನಿಂದ ತಡವಿ ಕೆಲಸ ಮಾಡುತ್ತಿದ್ದರು. ಈಗಲೂ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಆ ಸಾಲಿನ ಕೆಳಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಉಳಿ ಹಿಡಿಯುತ್ತಿದ್ದರು. ಬೇರೆ ಸಾಮಾನನ್ನು ಹೊತ್ತು ಎಲ್ಲಿಗಾದರೂ ಸಾಗಿಸಬಹುದು. ಗೋಡೆಯನ್ನು ಯಾರು ಹೊರುತ್ತಾರೆ?

ಶೆಡ್ಡಿನ ಯಜಮಾನ ಕೆಟ್ಟವನಲ್ಲ. ಒಂದು ದಿನ ಬಂದು, ಕೂರಲು ಕೊಟ್ಟ ಕುರ್ಚಿಯಲ್ಲಿ ಕೂರದೆ, ಬಾಗಿಲಲ್ಲೇ ನಿಂತು ಹೇಳಿದ: “ನಾನೂ ಕಲ್ಲೆದೆಯವನಲ್ಲಮ್ಮ. ತಿಂಗಳ ಕೊನೆವರೆಗೂ ನೋಡ್ತೀನಿ. ಕೈತುಂಬ ಕೆಲಸ ಬಂದಿದೆ ಅಂತ ತೋರಿಸಿ, ಆರಾಮಾಗಿ ಇರಿ. ಇಲ್ಲ ಅಂದ್ರೆ ಟೈರ್ ವ್ಯಾಪಾರಿಗೆ ಮಾತು ಕೊಟ್ಟುಬಿಡ್ತೀನಿ. ನೀವು ಆಮೇಲೆ ನನ್ನ ಬೈಕೋಬಾರದು.”

“ಬೈಯಲ್ಲ,” ಎಂದರು ಮಾವ. ಅಷ್ಟು ಹೇಳಿ ಮರ ನಯಮಾಡುವ ಉಜ್ಜುಕಾಗದ ಎತ್ತಿಕೊಂಡರು.

ಸೊಸೆ ಮಾತ್ರ ಅಂದೇ ಗಂಡನ ಬಾಲ್ಯದ ಗೆಳೆಯನಿಗೆ ಫೋನು ಮಾಡಿದಳು. ಅವನು ಜಾಹೀರಾತಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ. ಏನು ಕೇಳಿದರೂ ಫೋನು ತೆಗೆದು ಒಂದು ಗ್ರಾಫು ತೋರಿಸುವ ಚಾಳಿಯಿಂದ ಅವನಿಗೆ ಗ್ರಾಫು ಎಂದೇ ಹೆಸರು ಬಿದ್ದಿತ್ತು. ಈ ಮನೆಯ ಅಡುಗೆಮನೆಯಲ್ಲೇ ಅರ್ಧ ಬೆಳೆದವನು. ಮರುದಿನ ಸಂಜೆ ಬಂದು ಲ್ಯಾಪ್‌ಟಾಪಿನ ಮುಂದೆ ಕಾಲು ಮಡಿಸಿ ಕುಳಿತ.

“ಅತ್ತಿಗೆ, ಇದನ್ನ ಒಂದು ಅಂಗಡಿ ಅಂದ್ಕೊಳ್ಳಿ. ಬೀದೀಲಿ ಎಷ್ಟು ಜನ ಹಾದುಹೋದ್ರು, ಎಷ್ಟು ಜನ ಒಳಗೆ ಬಂದ್ರು, ಯಾರು ಬಾಗಿಲಲ್ಲೇ ಇಣುಕಿ ಓಡಿಹೋದ್ರು, ಯಾರು ತೊಟ್ಟಿಲು ಮುಟ್ಟಿ ನೋಡಿದ್ರು. ಎಲ್ಲ ಇದರಲ್ಲಿ ಬರತ್ತೆ.”

“ಮುಟ್ಟಿ ನೋಡಿದವರು ಯಾಕೆ ಕೊಳ್ಳಲಿಲ್ಲ ಅಂತ ಬರತ್ತಾ?”

“ಅದನ್ನ ನಾವು ಊಹೆ ಮಾಡ್ಬೇಕು.”

“ಊಹೆ ಮಾಡೋಕೆ ಇಷ್ಟೆಲ್ಲ ಯಂತ್ರ ಯಾಕೋ?” ಎಂದರು ಮಾವ, ಮೂಲೆಯಿಂದ. “ನಾನು ಇಲ್ಲೇ ಕೂತು ಮಾಡ್ತೀನಲ್ಲ.”

ಗ್ರಾಫು ನಕ್ಕ. ಆಮೇಲೆ ಜಾಹೀರಾತಿನ ವಿಷಯ ಹೇಳಿದ. ಯಾರಾದರೂ ಫೋನಿನಲ್ಲಿ ತೊಟ್ಟಿಲು ಎಂದು ಹುಡುಕಿದರೆ, ಬೇರೆ ಎಲ್ಲಕ್ಕಿಂತ ಮೊದಲು ನಮ್ಮ ಅಂಗಡಿಯ ಹೆಸರು ಬರುವಂತೆ ಮಾಡಬಹುದು. ಆದರೆ ಅದು ಪುಕ್ಕಟೆಯಲ್ಲ. ಹೆಸರನ್ನು ಒಬ್ಬರು ಒತ್ತಿದಾಗಲೆಲ್ಲ ಜಾಹೀರಾತಿನ ಕಂಪನಿ ನಮ್ಮಿಂದ ಇಷ್ಟು ದುಡ್ಡು ಎಂದು ಕಿತ್ತುಕೊಳ್ಳುತ್ತದೆ. ಒತ್ತಿದವರು ಕೊಳ್ಳಲಿ ಬಿಡಲಿ. ದಿನಕ್ಕೆ ಇಷ್ಟೇ ಎಂದು ನಾವು ಮಿತಿ ಹಾಕಬೇಕು. ಆ ದಿನದ್ದು ಮುಗಿಯಿತೋ, ಮರುದಿನದವರೆಗೆ ನಮ್ಮ ಹೆಸರು ಮಾಯ. ದೂರದೂರಿಗೆ ತೊಟ್ಟಿಲು ಕಳಿಸುವುದು ತ್ರಾಸವಾದ್ದರಿಂದ ಜಾಹೀರಾತನ್ನು ಈ ಊರಿಗಷ್ಟೇ ಇಡೋಣ ಎಂದೂ ಹೇಳಿದ.

ಅತ್ತೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡುತ್ತ ಅರ್ಧ ಮಾತು ಕೇಳಿಸಿಕೊಂಡರು. “ಏನೋ ಗ್ರಾಫು, ಇದರಿಂದ ಶೆಡ್ಡು ಉಳಿಯತ್ತೇನೋ?”

ಅದಕ್ಕೆ ಉತ್ತರ ಕೊಟ್ಟವಳು ಸೊಸೆ. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು. “ಜನ ಒತ್ತಿ ಒಳಗೆ ಬರಬೇಕು ಅತ್ತೆ. ಬಂದಷ್ಟೂ ಅಂಗಡಿ ಮೇಲೆ ಏಳತ್ತೆ. ಜನ ಬರಲಿ ಅಂತ ನಿಮ್ಮ ದೇವರಿಗೆ ಹೇಳಿ.”

ಅವಳು ಆಡಿದ್ದು ಹಗುರವಾಗಿ. ಅತ್ತೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಮೊದಲ ಕೆಲವು ದಿನ ಗೆರೆ ಅಲ್ಲಾಡಲಿಲ್ಲ. ಯಾರೋ ಒಬ್ಬರು ಬರುವುದು, ಬಂದ ಕಾಲಲ್ಲೇ ಹೋಗುವುದು. ಸೊಸೆ ಪುಟ ಪುಟವನ್ನೂ ತಿದ್ದಿದಳು. ತೊಟ್ಟಿಲುಗಳ ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ ಮತ್ತೆ ತೆಗೆದಳು. ಒಂದು ಪುಟವನ್ನು ಮಾತ್ರ ಅವಳು ತೆರೆಯಲಿಲ್ಲ. ಅದು ‘ನಮ್ಮ ಬಗ್ಗೆ’ ಎಂಬ ಪುಟ. ಅದರಲ್ಲಿ ಗಂಡನ ಪುಟ್ಟದೊಂದು ವಿಡಿಯೋ ಇತ್ತು. ಅವನು ಬದುಕಿದ್ದಾಗ ಅವಳೇ ಶೆಡ್ಡಿನಲ್ಲಿ ನಿಂತು ತೆಗೆದದ್ದು. ವರದಿಯಲ್ಲಿ ಆ ಪುಟದ ಹೆಸರು ಕಂಡರೂ ಅವಳ ಕಣ್ಣು ಅದರ ಪಕ್ಕದ ಅಂಕಿಗೆ ಹಾರಿಬಿಡುತ್ತಿತ್ತು.

ಒಂದು ಬೆಳಿಗ್ಗೆ ಗೆರೆ ತಲೆ ಎತ್ತಿತು.

ಅವಳು ಕಣ್ಣುಜ್ಜಿಕೊಂಡು ನೋಡಿದಳು. ಜನ ಬಂದಿದ್ದರು. ಅದೂ ಜಾಹೀರಾತು ಒತ್ತಿಯೇ ಬಂದಿದ್ದರು. ಬಾಗಿಲಲ್ಲಿ ಇಣುಕಿ ಓಡಿದವರಲ್ಲ. ಒಳಗೆ ಬಂದು ಕೂತವರು. ಮರುದಿನ ಇನ್ನೂ ಸ್ವಲ್ಪ ಜನ. ಅದರ ಮರುದಿನ ಇನ್ನಷ್ಟು. ಅವತ್ತು ಮಧ್ಯಾಹ್ನ ಅವಳು ಒಂದು ತಟ್ಟೆ ಪೂರ್ತಿ ಉಂಡಳು. ಉಂಡದ್ದು ಅವಳಿಗೇ ತಿಳಿಯಲಿಲ್ಲ; ಕಣ್ಣು ಗೆರೆಯ ಮೇಲಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತು ಆ ತಟ್ಟೆ ಬರಿದಾಗುವುದನ್ನು ನೋಡಿದರು.

“ಹೇಳಿದ್ನಲ್ಲ ಅತ್ತಿಗೆ!” ಎಂದ ಗ್ರಾಫು, ಫೋನಿನಲ್ಲಿ. “ಡೇಟಾ ಸುಳ್ಳು ಹೇಳಲ್ಲ. ನೋಡಿ, ಎಲ್ಲರೂ ಬೆಳಿಗ್ಗೇನೇ ಬರ್ತಿದಾರೆ. ವಯಸ್ಸು ನೋಡಿದ್ರಾ? ಅರವತ್ತು ದಾಟಿದ ಹೆಂಗಸರೇ ಜಾಸ್ತಿ. ಯಾರಿರಬಹುದು ಹೇಳಿ?”

“ಯಾರು?”

“ಅಜ್ಜಿಯರು! ಮೊಮ್ಮಗು ಹುಟ್ಟತ್ತೆ ಅಂದ್ರೆ ತೊಟ್ಟಿಲು ಕೊಡಿಸೋರು ಯಾರು? ಅಪ್ಪ ಅಮ್ಮಂಗೆ ಆಸ್ಪತ್ರೆ ಓಡಾಟವೇ ಸಾಕಾಗಿರತ್ತೆ. ಅಜ್ಜಿ ಬೆಳಿಗ್ಗೆ ಬಿಡುವಾಗಿ ಕೂತು ನೋಡ್ತಿದಾರೆ. ನಾವು ಅವರನ್ನ ಹಿಡೀಬೇಕು.”

ಹಿಡಿಯಲು ಹೊರಟರು. ಜಾಹೀರಾತನ್ನೆಲ್ಲ ಬೆಳಗಿನ ಹೊತ್ತಿಗೆ ಸರಿಸಿದರು. ಅಜ್ಜಿಯರ ಕಣ್ಣಿಗೆ ಕಾಣಲೆಂದು ಅಕ್ಷರಗಳನ್ನು ದೊಡ್ಡದು ಮಾಡಿದರು. ‘ನಿಮ್ಮ ಮೊಮ್ಮಗುವಿನ ಮೊದಲ ನಿದ್ದೆಗೆ’ ಎಂದು ಮೊದಲ ಪುಟದಲ್ಲಿ ಬರೆದರು. ಗೆರೆ ಇನ್ನಷ್ಟು ಏರಿತು. ಆದರೆ ಆರ್ಡರು ಬರಲಿಲ್ಲ. ಒಂದೂ ಬರಲಿಲ್ಲ. ಬಂದವರು ಬರುತ್ತಿದ್ದರು, ಕೂರುತ್ತಿದ್ದರು, ಬಹಳ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ತೊಟ್ಟಿಲುಗಳ ಪುಟಕ್ಕೆ ಅವರು ಕಾಲೇ ಇಡುತ್ತಿರಲಿಲ್ಲ.

“ಬೆಲೆಗೆ ಹೆದರ್ತಿದಾರೆ,” ಎಂದ ಗ್ರಾಫು. ಬೆಲೆ ಇಳಿಸಿದರು. ಇಳಿಸಿದ ಬೆಲೆ ಕೇಳಿ ಮಾವ ಉಳಿಯನ್ನು ಕೆಳಗಿಟ್ಟರು.

“ಮರದ ದುಡ್ಡೇ ಹುಟ್ಟಲ್ಲವಲ್ಲಮ್ಮ ಇದರಲ್ಲಿ.”

“ಮೊದಲು ಶೆಡ್ಡು ಉಳೀಲಿ ಮಾವ. ಆಮೇಲೆ ನೋಡೋಣ.”

“ಇನ್ನೂ ಜೋರಾಗಿ ಜಾಹೀರಾತು ಕೊಡಬೇಕು,” ಎಂದ ಗ್ರಾಫು ಇನ್ನೊಂದು ದಿನ, ಸಂಕೋಚದಿಂದಲೇ. ಕೊಡಲು ಮನೆಯಲ್ಲಿ ಏನಿತ್ತು? ಗಂಡ ಆಸೆಪಟ್ಟು ಕೊಂಡಿದ್ದ, ಹಲಗೆ ಹೆರೆಯುವ ದೊಡ್ಡ ಯಂತ್ರ ಒಂದಿತ್ತು. ಅದನ್ನು ಮಾರುವ ಮಾತನ್ನು ಸೊಸೆಯೇ ಎತ್ತಿದಳು. ಅದು ಹೋದ ದಿನ ಮಾವ ಶೆಡ್ಡಿಗೆ ಹೋಗಲಿಲ್ಲ. ಮರುದಿನದಿಂದ ಹಳೆಯ ಕಾಲದಂತೆ ಕೈಯಿಂದಲೇ ಹಲಗೆ ಹೆರೆಯತೊಡಗಿದರು. ಅವರ ಭುಜದ ಎಲುಬು ಅಂಗಿಯೊಳಗೆ ಏರಿ ಇಳಿಯುವುದನ್ನು ನೋಡಲಾರದೆ ಸೊಸೆ ಮುಖ ತಿರುಗಿಸಿ, ಮತ್ತೆ ಗೆರೆಯನ್ನೇ ನೋಡಿದಳು. ಅದು ಎಂದಿಗಿಂತ ಎತ್ತರದಲ್ಲಿತ್ತು.

ಯಂತ್ರ ಮಾರಿದ ದುಡ್ಡು ನೀರಿನಂತೆ ಹರಿಯಿತು. ಆ ದಿನದ ಮಿತಿ ಬೆಳಗಿನ ಬಿಸಿಲು ಏರುವ ಮೊದಲೇ ಮುಗಿಯುತ್ತಿತ್ತು. ಉಳಿದ ಇಡೀ ದಿನ ಅಂಗಡಿಯ ಹೆಸರು ಯಾರಿಗೂ ಕಾಣುತ್ತಿರಲಿಲ್ಲ. ಸೊಸೆಯ ಕಣ್ಣ ಕೆಳಗೆ ಕಪ್ಪಾಯಿತು. ಯಾರಿವರು? ದಿನಾ ಬರುವಷ್ಟು ಆಸೆ ಇದೆ, ಕೊಳ್ಳುವಷ್ಟು ಮನಸ್ಸಿಲ್ಲ. ಬೀದಿಯಲ್ಲಿ ಎದುರಾದ ಮುದುಕಿಯರ ಮುಖವನ್ನೆಲ್ಲ ದಿಟ್ಟಿಸಿ ನೋಡುತ್ತಿದ್ದಳು: ನೀನೇನಾ? ನೀನೇನಾ ಬಂದು ಕೂತು ಹೋಗುವವಳು? ನನ್ನಿಂದ ಇನ್ನೇನು ಬೇಕು ನಿನಗೆ? ತರಕಾರಿ ಅಂಗಡಿಯಲ್ಲಿ ಒಬ್ಬ ಅಜ್ಜಿ ಅವಳ ನೋಟಕ್ಕೆ ಬೆದರಿ ತನ್ನ ಚೀಲ ಬಿಗಿಹಿಡಿದುಕೊಂಡಳು.

ಒಂದು ಮಧ್ಯಾಹ್ನ ಸೊಸೆ ಪರದೆಯ ಮುಂದೆಯೇ ಎರಡೂ ಕೈ ಜೋಡಿಸಿದಳು. ದೇವರ ಹೆಸರು ಬಾಯಿಗೆ ಬರಲಿಲ್ಲ. “ಒಬ್ಬರು. ಒಬ್ಬರಾದ್ರೂ ಕೊಳ್ಳಿ,” ಎಂದಳು ಗೆರೆಗೆ. ಅತ್ತೆ ಹಿಂದೆಯೇ ನಿಂತಿದ್ದರು.

“ಇನ್ನೂ ಸಾಲದಾ ಮಗಳೇ?” ಎಂದರು. “ಇನ್ನೂ ಜನ ಬರಬೇಕಾ?”

“ಬರಬೇಕು ಅತ್ತೆ. ಇನ್ನೂ ಬರಬೇಕು.”

ಅತ್ತೆ ತಲೆಯಾಡಿಸಿ ಒಳಗೆ ಹೋದರು. ಅವರು ಯಾರಿಗೋ ಫೋನು ಮಾಡಿ ಮೆಲ್ಲಗೆ ಮಾತಾಡುವುದು ಕೇಳಿಸಿತು. ಸೊಸೆ ಕಿವಿಗೊಡಲಿಲ್ಲ. ಪ್ರಾರ್ಥನೆಯ ಗೆಳತಿಯರಿರಬೇಕು ಎಂದುಕೊಂಡಳು. ಅದು ನಿಜವೇ ಆಗಿತ್ತು.

ಅತ್ತೆ ದಿನಾ ಬೆಳಿಗ್ಗೆ ಬೀದಿ ಮೂಲೆಯ ಪ್ರಾರ್ಥನೆಯ ಮನೆಗೆ ಹೋಗುತ್ತಿದ್ದರು. ಮರುದಿನ ಅವರು ಹೋದ ಮೇಲೆ ಸೊಸೆ ನೋಡುತ್ತಾಳೆ, ರಕ್ತದೊತ್ತಡದ ಮಾತ್ರೆ ಮೇಜಿನ ಮೇಲೆಯೇ ಇದೆ. ಅದನ್ನು ಮರೆತರೆ ಅತ್ತೆಗೆ ತಲೆ ಸುತ್ತುತ್ತದೆ. ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಟಳು. ಗಂಡನನ್ನು ಕಳಿಸಿಕೊಟ್ಟ ದಿನದ ಮೇಲೆ ಅವಳು ಅತ್ತ ಕಾಲಿಟ್ಟಿರಲಿಲ್ಲ. ದೇವರ ಮೇಲೆ ಅವಳಿಗೆ ಕೋಪ. ಕೋಪ ಮಾಡಿಕೊಳ್ಳುವವರೂ ಒಂದು ಬಗೆಯಲ್ಲಿ ಅವನ ಬಾಗಿಲಲ್ಲೇ ನಿಂತಿರುತ್ತಾರೆ. ಅದು ಅವಳಿಗೆ ಆಗ ತಿಳಿದಿರಲಿಲ್ಲ.

ಪ್ರಾರ್ಥನೆಯ ಕೋಣೆಗೆ ಉದ್ದನೆಯ ಮೊಗಸಾಲೆಯಲ್ಲಿ ನಡೆದು ಹೋಗಬೇಕು. ಅರ್ಧ ದಾರಿ ಬಂದಿದ್ದಾಳೆ, ಒಳಗಿನಿಂದ ಗಂಡನ ದನಿ ಕೇಳಿಸಿತು.

“ಬನ್ನಿ ಬನ್ನಿ, ಹೆದರ್ಬೇಡಿ. ಇದು ಬರೀ ಧೂಳು, ಕಚ್ಚಲ್ಲ.”

ಅವಳು ಅಲ್ಲೇ ನಿಂತಳು. ಅದೇ ದನಿ. ಮಾತಿನ ಕೊನೆಗೆ ನಗೆ ತಡೆದುಕೊಳ್ಳುವ ಅದೇ ಉಸಿರು. ಅದು ಮುಗಿಯುವ ಮೊದಲೇ ಇನ್ನೊಂದು ಕಡೆಯಿಂದ, “ಬನ್ನಿ ಬನ್ನಿ, ಹೆದರ್ಬೇಡಿ.” ಇನ್ನೊಂದು ಮೂಲೆಯಿಂದ, “ಬರೀ ಧೂಳು.” ಎಡದಿಂದ, “ಕಚ್ಚಲ್ಲ.” ಮತ್ತೆ, “ಬನ್ನಿ.” ಕೋಣೆಯ ತುಂಬ ಅವನೇ ಇದ್ದ. ಒಬ್ಬನ ಮಾತನ್ನು ಇನ್ನೊಬ್ಬ ತುಳಿದುಕೊಂಡು, ಒಬ್ಬ ಮುಗಿಸುವಾಗ ಇನ್ನೊಬ್ಬ ಶುರುಮಾಡಿಕೊಂಡು, ಎಲ್ಲ ಕಡೆಯಿಂದಲೂ ಅವಳನ್ನು ಕರೆಯುತ್ತಿದ್ದ.

ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಸಾಲು ಸಾಲಾಗಿ ಮುದುಕಿಯರು ಕುಳಿತಿದ್ದರು. ನಡುವೆ ಇಬ್ಬರು ಮೂವರು ಮುದುಕರು. ಎಲ್ಲರ ತೊಡೆಯ ಮೇಲೂ ಫೋನು. ಎಲ್ಲ ಫೋನಿನಲ್ಲೂ ಅವನ ಮುಖ, ಕೂದಲ ಮೇಲೆ ಮರದ ಪುಡಿ. ಫೋನಿನಲ್ಲಿ ಅವನು ಮಾತು ಮುಗಿಸಿದ ಮೇಲೆ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಮುಂದಿನ ಸಾಲಿನಲ್ಲಿ ಅತ್ತೆ. ಪಕ್ಕದಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ, ಎದುರುಮನೆಯ ಹಿರಿಯಳು. ಅವಳೇ ಸೊಸೆಯನ್ನು ಮೊದಲು ಕಂಡದ್ದು.

“ಅಯ್ಯೋ, ಬಾ ತಾಯಿ! ನೋಡಿ, ಯಾರು ಬಂದಿದಾರೆ!” ದೊಡ್ಡಮ್ಮನ ಮುಖ ಊರಗಲವಾಯಿತು. “ನೋಡಮ್ಮ, ಒಬ್ಬರೂ ತಪ್ಪಿಸ್ತಿಲ್ಲ. ತೊಟ್ಟಿಲು ಅಂತ ಹುಡುಕು, ಮೊದಲು ಬಂದಿದ್ದನ್ನ ಒತ್ತು. ನಂಗೂ ಬಂದುಬಿಟ್ಟಿದೆ! ಆ ಹಿಂದಿನ ಸಾಲಿನವಳು ನಿನ್ನೆ ಬಂದಿರಲಿಲ್ಲ ಅಂತ ಇವತ್ತು ಎರಡು ಸಲ ಒತ್ತಿದಾಳೆ.”

“ಎರಡಲ್ಲ, ಮೂರು,” ಎಂದಳು ಹಿಂದಿನವಳು, ಹೆಮ್ಮೆಯಿಂದ. “ಮಗನ ಫೋನಲ್ಲೂ ಒತ್ತಿದೆ.”

ಅತ್ತೆ ತಿರುಗಿದರು. ಮುಚ್ಚಿಟ್ಟ ಒಳ್ಳೆಯ ಕೆಲಸ ಬಯಲಾದವರ ನಾಚಿಕೆ ಅವರ ಮುಖದಲ್ಲಿತ್ತು. “ಇವರೆಲ್ಲ ನಮಗೋಸ್ಕರ ಮಾಡ್ತಿದಾರೆ ಮಗಳೇ. ನಾನು ಕೇಳಿದ್ದಕ್ಕೆ ಒಬ್ಬರೂ ಇಲ್ಲ ಅನ್ನಲಿಲ್ಲ. ಇನ್ನೊಂದು ಪ್ರಾರ್ಥನೆ ಮನೆಯವರಿಗೂ ಹೇಳಿಸಿದೀನಿ, ನಾಳೆಯಿಂದ ಅವರೂ ಒತ್ತುತ್ತಾರೆ.”

ಸೊಸೆಯ ಎದೆಯೊಳಗೆ ಏನೋ ಕಿರುಚಿಕೊಳ್ಳುತ್ತಿತ್ತು: ನಿಲ್ಲಿಸಿ, ನೀವು ಒತ್ತಿದ್ದು ಅವನ ಯಂತ್ರ, ಅವನ ಗೋಡೆ, ಮಾವನ ಭುಜ. ಆದರೆ ಅಷ್ಟು ಜನ ಕಣ್ಣಲ್ಲಿ ನೀರಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರಿಗೂ ಅವಳಿಂದ ಏನೂ ಬೇಕಿರಲಿಲ್ಲ. ಮುಷ್ಟಿ ಬಿಚ್ಚಿ ಮಾತ್ರೆಯನ್ನು ಅತ್ತೆಯ ಕೈಯಲ್ಲಿಟ್ಟಳು.

“ಮರೆತು ಬಂದಿದ್ರಿ,” ಎಂದಳು. ಅಷ್ಟೇ ಅವಳಿಂದ ಆದದ್ದು.

ಬೀದಿಗೆ ಬಂದವಳು ಓಡಿದಳು. ಗ್ರಾಫುವಿನ ಕಚೇರಿಯ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿ ಎಲ್ಲವನ್ನೂ ಹೇಳಿದಳು. ಅವನು ಕುರ್ಚಿಯಲ್ಲಿ ಕುಸಿದ. ವರದಿಯನ್ನು ತೆರೆದು, ಬೆಳಿಗ್ಗೆ ಬಂದವರೆಲ್ಲ ಎಲ್ಲಿ ಕೂತಿದ್ದರು ಎಂದು ನೋಡಿದ. ಪುಟ ಒಂದೇ: ‘ನಮ್ಮ ಬಗ್ಗೆ’. ಅದು ಮೊದಲಿನಿಂದಲೂ ಅಲ್ಲೇ, ಕಣ್ಣೆದುರೇ ಇತ್ತು.

“ಅಲ್ಲೇ ಕೂತಿದ್ರು ಅಂತ ನಾನು ನೋಡಿದ್ದೆ ಅತ್ತಿಗೆ,” ಎಂದ, ತಲೆ ಎತ್ತದೆ. “ಆ ಪುಟದ ಹೆಸರು ನಿಮ್ಮ ಮುಂದೆ ಎತ್ತೋಕೆ ನಂಗೆ ಧೈರ್ಯ ಬರಲಿಲ್ಲ. ಅವನ ವಿಡಿಯೋ ನೋಡೋಕೂ ಆಗಲಿಲ್ಲ. ಅಂಕಿ ಮಾತ್ರ ನೋಡಿ ಸುಮ್ಮನಾದೆ.”

“ನಾನೂ ಅಷ್ಟೇ.”

“ನಿಜವಾಗಿ ಕೊಳ್ಳೋರು ಸಂಜೆ ಹುಡುಕ್ತಾರೆ, ಕೆಲಸ ಮುಗಿಸಿ ಮನೆಗೆ ಬಂದ ಮೇಲೆ. ಅಷ್ಟೊತ್ತಿಗೆ ನಮ್ಮ ದುಡ್ಡು ಮುಗಿದಿರತ್ತೆ. ನಾವೇ ಅದನ್ನ ಎತ್ತಿ ಬೆಳಿಗ್ಗೆಗೆ ಹಾಕಿದ್ವಿ.” ಅವನು ಕಣ್ಣು ಮುಚ್ಚಿಕೊಂಡ. “ಅವನಿದ್ದಿದ್ರೆ ನನ್ನ ಕಪಾಳಕ್ಕೆ ಹೊಡೀತಿದ್ದ.”

ಉಳಿದಿದ್ದ ಪುಡಿಗಾಸನ್ನು ಸಂಜೆಗೆ ಸರಿಸಿದರು. ಬೆಳಗಿನ ಹೊತ್ತಿಗೆ ಜಾಹೀರಾತು ಯಾರಿಗೂ ಕಾಣದಂತೆ ಮುಚ್ಚಿದರು. ಅತ್ತೆಗೆ ಏನೂ ಹೇಳುವುದು ಬೇಡ ಎಂದು ಸೊಸೆ ನಿಶ್ಚಯಿಸಿದಳು. ಹೆಸರು ಕಾಣದಿದ್ದರೆ ಅವರೇ ಒತ್ತುವುದನ್ನು ಬಿಡುತ್ತಾರೆ. ಆ ಹಿರಿಯ ಜೀವಕ್ಕೆ ಈ ನೋವು ಯಾಕೆ?

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗಿಂತ ಮೊದಲೇ ಅತ್ತೆ ಮನೆಗೆ ಬಂದರು. ಓಡಿ ಬಂದಿದ್ದರು. ಸೆರಗು ಜಾರಿತ್ತು.

“ಅವನು ಕಾಣ್ತಾ ಇಲ್ಲ!” ಎಂದರು. ಫೋನನ್ನು ಸೊಸೆಯ ಮುಖಕ್ಕೆ ಹಿಡಿದರು. “ಯಾರ ಫೋನಲ್ಲೂ ಕಾಣ್ತಾ ಇಲ್ಲ. ಎಲ್ಲರೂ ಹುಡುಕಿದ್ವಿ. ಬೇರೆ ಯಾರ್ಯಾರದೋ ತೊಟ್ಟಿಲು ಬರ್ತಿದೆ. ಎಲ್ಲಿ ಹೋದ? ನೋಡೇ, ನೋಡು, ಎಲ್ಲಿ ಹೋದ ನನ್ನ ಮಗ?”

ಮಗ ಸತ್ತ ದಿನವೂ ಅವರು ಹೀಗೆ ಕೂಗಿರಲಿಲ್ಲ. ಮಾವ ಒಳಗಿನಿಂದ ಬಂದು ನಿಂತರು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಸೊಸೆ ಅತ್ತೆಯನ್ನು ಕೂರಿಸಿ, ಕೈ ಹಿಡಿದುಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದಳು. ಒಂದೊಂದು ಸಲ ಒತ್ತಿದಾಗಲೂ ಏನಾಗುತ್ತಿತ್ತು. ಬೆಳಿಗ್ಗೆಯೇ ಎಲ್ಲ ಮುಗಿದು ಸಂಜೆ ಬರುವವರಿಗೆ ಬಾಗಿಲು ಹೇಗೆ ಮುಚ್ಚಿರುತ್ತಿತ್ತು. ಯಂತ್ರ ಎಲ್ಲಿಗೆ ಹೋಯಿತು.

ಅತ್ತೆ ಕೇಳಿದರು. ಕೇಳಿ, ತಮ್ಮ ಬಲಗೈ ತೋರುಬೆರಳನ್ನು ನೋಡಿಕೊಂಡರು.

“ಗೆರೆ ಏರಿದ ದಿನ ನೀನು ಊಟ ಮಾಡ್ತಿದ್ದೆ,” ಎಂದರು. “ಮಲಗಿದ ದಿನ ಹಾಗೇ ಎದ್ದು ಹೋಗ್ತಿದ್ದೆ. ನಾನು ನೋಡ್ತಿದ್ದೆ. ಮೊದಲ ದಿನ ನಾನೊಬ್ಬಳೇ ಒತ್ತಿದ್ದು. ಆಮೇಲೆ ದೊಡ್ಡಮ್ಮನಿಗೆ ಹೇಳಿದೆ. ನೀನು ಅವತ್ತು ತಟ್ಟೆ ಖಾಲಿ ಮಾಡಿದೆ. ಮಗನನ್ನ ಉಳಿಸ್ಕೊಳ್ಳೋಕೆ ಆಗಲಿಲ್ಲ, ಇವಳಾದ್ರೂ ಒಂದು ತುತ್ತು ತಿನ್ನಲಿ ಅಂತ...” ಮಾತು ನಿಂತಿತು. “ನನ್ನ ಕೈಯಾರೆ ನಾನೇ ತಿಂದುಹಾಕಿದೆನಲ್ಲೇ, ಅವನ ಶೆಡ್ಡನ್ನ.”

ಸೊಸೆಗೆ ಆ ದಿನಗಳಲ್ಲಿ ಉಂಡ ಒಂದೊಂದು ತುತ್ತೂ ಈಗ ಗಂಟಲಲ್ಲಿ ವಾಪಸು ಬಂದು ನಿಂತಂತಾಯಿತು. ಮಾವ ಹತ್ತಿರ ಬಂದು ಹೆಂಡತಿಯ ತಲೆಯ ಮೇಲೆ ಕೈ ಇಟ್ಟರು. ಮರದ ಪುಡಿ ಅಂಟಿದ ಕೈ. “ಸುಮ್ನಿರೇ,” ಎಂದರು. “ಸುಮ್ನಿರು.”

ಸಂಜೆಯ ಜಾಹೀರಾತು ಉಳಿದ ದುಡ್ಡು ಇರುವಷ್ಟು ದಿನ ಓಡಿತು. ಈಗ ಬಂದವರು ನಿಜವಾಗಿ ಬಂದವರು. ತೊಟ್ಟಿಲುಗಳ ಪುಟಕ್ಕೆ ಹೋದರು, ಅಳತೆ ನೋಡಿದರು. ಅನೇಕರು ಒಂದೇ ಕಡೆ ನಿಂತು ಹಿಂದೆ ಹೋಗುತ್ತಿದ್ದರು. ಸೊಸೆ ಈ ಸಲ ಊಹೆ ಮಾಡಲಿಲ್ಲ. ತಾನೇ ಕೊಳ್ಳುವವಳಂತೆ ಕುಳಿತು ಒಂದೊಂದೇ ಪುಟ ದಾಟಿ ನೋಡಿದಳು. ತೊಟ್ಟಿಲು ಯಾವ ದಿನ ಕೈಗೆ ಸಿಗುತ್ತದೆ ಎಂಬ ಮಾತೇ ಎಲ್ಲೂ ಇರಲಿಲ್ಲ. ಹೆರಿಗೆಯ ದಿನ ಎಣಿಸುತ್ತ ಕೂತವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಅಷ್ಟು ಸಣ್ಣ ಮಾತು. ಬರೆದಳು. ಬರೆದ ಮೇಲೆ ಒಂದು ಆರ್ಡರು ಬಂತು. ಅದರೊಂದಿಗೆ ದುಡ್ಡೂ ಮುಗಿಯಿತು, ತಿಂಗಳೂ ಮುಗಿಯಿತು.

ಯಜಮಾನ ಬಂದ. ಒಂದು ತೊಟ್ಟಿಲಿನ ಆರ್ಡರನ್ನು ಸೊಸೆ ತೋರಿಸಿದಳು. ಅವನು ಅದನ್ನು ಓದಿ, ಮತ್ತೊಮ್ಮೆ ಓದಿ, ಫೋನನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟ. “ಒಂದೇ ಅಲ್ವಾ ತಾಯಿ,” ಎಂದ. ಅವನ ಕಣ್ಣಲ್ಲೂ ನೀರಿತ್ತು. ಆದರೆ ಟೈರ್ ವ್ಯಾಪಾರಿಯ ಲಾರಿ ಬೀದಿಯ ತುದಿಯಲ್ಲಿ ನಿಂತಿತ್ತು.

ಸಾಮಾನೆಲ್ಲ ಮನೆಯ ಅಂಗಳಕ್ಕೆ ಬಂತು. ಕೊನೆಗೆ ಬೀಗ ಹಾಕುವ ಮೊದಲು ಮಾವ ಒಬ್ಬರೇ ಒಳಗೆ ಹೋದರು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಅವರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಒಂದು ಅಂಕಿ ಬಿಡದೆ, ಓದುತ್ತ ನಡೆದರು. ಆಮೇಲೆ ಹೊರಗೆ ಬಂದು ಕೀಲಿಯನ್ನು ಯಜಮಾನನ ಕೈಗೆ ಕೊಟ್ಟರು. ಕನ್ನಡಕ ತೆಗೆಯಲಿಲ್ಲ.

ಅತ್ತೆ ಅಂದಿನಿಂದ ಊಟ ಬಿಟ್ಟರು. ಪ್ರಾರ್ಥನೆಯ ಮನೆಗೂ ಹೋಗಲಿಲ್ಲ. “ಯಾವ ಬೆರಳು ಜೋಡಿಸಿ ಕೇಳಲಿ?” ಎಂದು ಒಮ್ಮೆ ಅಂದರು, ಅಷ್ಟೇ. ದೊಡ್ಡಮ್ಮ ಬಂದು ಬಾಗಿಲಲ್ಲೇ ಅತ್ತು ಹೋದಳು. ಸೊಸೆ ಇಟ್ಟ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ಅತ್ತೆ ಎದ್ದುಬಿಡುತ್ತಿದ್ದರು. ಆ ಬೆರಳು ಸವರುವುದನ್ನು ಕಂಡಾಗ ಸೊಸೆಗೆ ತಿಳಿಯಿತು. ಇಷ್ಟು ತಿಂಗಳು ತಾನು ಎದ್ದು ಹೋದಾಗ ಇವರು ಇದನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ, ಅಂಗಳದಲ್ಲಿ ಮಾವ ಆ ಒಂದು ಆರ್ಡರಿನ ತೊಟ್ಟಿಲಿಗೆ ಹಲಗೆ ಹೆರೆಯುವ ಸದ್ದು ಕೇಳಿಸುತ್ತಿರುವಾಗ, ಸೊಸೆ ಎರಡು ತಟ್ಟೆ ತಂದು ಅತ್ತೆಯ ಎದುರು ಕುಳಿತಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ವರದಿಯನ್ನು ತೆರೆದಳು.

“ನೋಡಿ ಅತ್ತೆ.”

ಅತ್ತೆ ನೋಡಿದರು. ಗೆರೆ ನೆಲ ಹಿಡಿದು ಮಲಗಿತ್ತು. ಎಡದಿಂದ ಬಲಕ್ಕೆ ಒಂದು ಉಬ್ಬಿಲ್ಲ.

“ಯಾರೂ ಬಂದಿಲ್ಲ,” ಎಂದಳು ಸೊಸೆ. ತುತ್ತು ಕಲೆಸಿ ಬಾಯಿಗಿಟ್ಟಳು. ಅದು ಮರದ ಪುಡಿಯ ಹಾಗೆ ನಾಲಿಗೆಗೆ ಅಂಟಿತು. ನುಂಗಿದಳು. ಇನ್ನೊಂದು ತುತ್ತು ಎತ್ತಿದಳು. “ಗೆರೆ ಮಲಗಿದೆ. ನಾನು ಉಣ್ತಿದೀನಿ. ಕಾಣತ್ತಾ?”

ಅತ್ತೆ ಅವಳ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಅವರ ಕೈ ತಟ್ಟೆಗೆ ಹೋಯಿತು. ಒಂದೇ ತುತ್ತು. ಅದನ್ನು ಅಗಿಯುವಾಗ ಕಣ್ಣೀರು ಗಲ್ಲದಿಂದ ತಟ್ಟೆಗೆ ಬಿತ್ತು.

ಸೊಸೆ ಎಡಗೈಯಿಂದ ವರದಿಯನ್ನು ಮುಚ್ಚಿದಳು. ಮೇಲಿನ ಖಾಲಿ ಜಾಗದಲ್ಲಿ ಅಂಗಡಿಯ ವಿಳಾಸವನ್ನು ತಾನೇ ಒಂದೊಂದಕ್ಷರವಾಗಿ ಒತ್ತಿದಳು. ಅಂಗಡಿ ತೆರೆಯಿತು. ‘ನಮ್ಮ ಬಗ್ಗೆ’ ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒತ್ತಿದಳು.

ಎತ್ತರದ ಕಿಟಕಿ. ಬೆಳಕಿನಲ್ಲಿ ತೇಲುವ ಪುಡಿ. ಹಿಂದೆ ಗೋಡೆ, ಗೋಡೆಯ ತುಂಬ ಪೆನ್ಸಿಲ್ ಗುರುತು. ಅವನು ತಿರುಗಿ, ಕ್ಯಾಮೆರಾ ಹಿಡಿದು ನಿಂತಿದ್ದ ಅವಳನ್ನೇ ನೋಡಿ ಹೇಳಿದ: “ಬನ್ನಿ ಬನ್ನಿ, ಹೆದರ್ಬೇಡಿ. ಇದು ಬರೀ ಧೂಳು, ಕಚ್ಚಲ್ಲ.”

ಅಂಗಳದಲ್ಲಿ ಹಲಗೆ ಹೆರೆಯುವ ಸದ್ದು ನಿಂತಿತು. ಮಾವ ಕನ್ನಡಕದ ಮೇಲೆ ಪುಡಿ ಹೊತ್ತುಕೊಂಡು ಬಾಗಿಲಿಗೆ ಬಂದರು. ಅತ್ತೆ ಪರದೆಯನ್ನು ಮುಟ್ಟಲು ಬೆರಳು ಚಾಚಿ, ತಟ್ಟನೆ ಹಿಂದಕ್ಕೆಳೆದುಕೊಂಡರು.

“ಇದಕ್ಕೆ ದುಡ್ಡು ಹೋಗತ್ತೇನೇ?”

“ಇಲ್ಲ ಅತ್ತೆ. ಇದು ನಮ್ಮ ಸ್ವಂತ ಬಾಗಿಲು. ಎಷ್ಟು ಸಲ ಬೇಕಾದ್ರೂ ಬರಬಹುದು.”

ಅತ್ತೆ ಬಾಯಲ್ಲಿದ್ದ ತುತ್ತನ್ನು ನುಂಗಿದರು.

“ಹಾಗಾದ್ರೆ ಇನ್ನೊಂದು ಸಲ ಹಾಕು.”